ಕೆರೆಯ ಹೆಸರು ಬದಲಿಸಿದಿರಿ, ನಾಲಗೆ?

ಸೂಳೆಕೆರೆ ಎನ್ನಬೇಡಿ, ಶಾಂತಿಸಾಗರ ಎನ್ನಿ ಎಂಬ ಮಾತು ಚನ್ನಗಿರಿ ಸೀಮೆಗೆ ಹೊಸದಲ್ಲ. ಬೋರ್ಡು ಬದಲಾಗಿದೆ, ಜನರ ಬಾಯಿ ಬದಲಾಗಿಲ್ಲ. ನನ್ನ ಕೇಳಿದರೆ ಹಳೆಯ ಹೆಸರೇ ಇರಲಿ. ಕೆರೆ ಕಟ್ಟಿಸಿದ ಶಾಂತವ್ವ ಅರಸನ ಮಗಳಂತೆ. ಮೆಚ್ಚಿದವನ ಸಂಗ ಮಾಡಿದಳೆಂದು ಮನೆಯವರೇ ಆ ಬೈಗುಳ ಬೈದರಂತೆ. ಅವಳು ಎದುರು ಮಾತಾಡಲಿಲ್ಲ, ಏರಿ ಹಾಕಿಸಿದಳು. ಇವತ್ತು ಚನ್ನಗಿರಿಯವರೂ ಚಿತ್ರದುರ್ಗದವರೂ ಕುಡಿಯುವುದು ಅದೇ ನೀರು. ನೀರಿಗಿಲ್ಲದ ಮೈಲಿಗೆ ಹೆಸರಿಗೆ ಮಾತ್ರ ಎಲ್ಲಿಂದ ಬಂತು?

ನನ್ನ ತಕರಾರು ಕೆರೆಯದಲ್ಲ. ಶಾಂತವ್ವನನ್ನು ಬೈದ ನಾಲಗೆ ಇನ್ನೂ ಹಾಗೇ ಇದೆ.

2025ರ ಜುಲೈನಲ್ಲಿ ದಾವಣಗೆರೆ ಮೂಲದ ನಟಿ ಭಾವನಾ ರಾಮಣ್ಣ, ಮದುವೆಯಾಗದೆಯೇ ಐವಿಎಫ್ ಮೂಲಕ ಅವಳಿ ಮಕ್ಕಳ ಬಸುರಿಯಾಗಿದ್ದೇನೆ ಎಂದು ತಾವೇ ಹೇಳಿದರು. ಹಾರೈಸಿದವರಿದ್ದರು. ಅಪ್ಪನಿಲ್ಲದ ಮಕ್ಕಳ ಗತಿಯೇನು ಎಂದು ದಿಢೀರನೆ ಕಳವಳಗೊಂಡವರೂ ಇದ್ದರು. ಇಂಥ ಚಿಕಿತ್ಸೆ ಕುರಿತ 2021ರ ಕಾಯ್ದೆ 21 ತುಂಬಿದ, 50 ದಾಟದ ಒಂಟಿ ಹೆಣ್ಣಿಗೂ ಅದನ್ನು ಪಡೆಯಲು ಅವಕಾಶ ಕೊಟ್ಟಿದೆ. ಆದರೂ ಹಲವು ಕಡೆ ತಮ್ಮನ್ನು ವಾಪಸು ಕಳಿಸಿದರು ಎಂದು ಅವರು ಹೇಳಿಕೊಂಡರು. ಬರಗೂರು ರಾಮಚಂದ್ರಪ್ಪನವರ ‘ಭಾಗೀರಥಿ’ ಚಿತ್ರದಲ್ಲಿ ಕೆರೆಗೆ ಹಾರವಾದ ಸೊಸೆಯಾಗಿ ನಟಿಸಿದವರೂ ಇವರೇ. ಕೆರೆಗೆ ಬಲಿಯಾದವಳಿಗೆ ಕಣ್ಣೀರು ಹಾಕುತ್ತೇವೆ. ತನ್ನಿಷ್ಟಕ್ಕೆ ತಾಯಿಯಾಗುತ್ತೇನೆಂದವಳಿಗೆ ವಕೀಲರಂತೆ ಪ್ರಶ್ನೆ ಹಾಕುತ್ತೇವೆ.

ಭಾವನಾ ಅವರಿಗೆ ಹೆಸರಿತ್ತು, ಕ್ಯಾಮೆರಾ ಮುಂದೆ ಮಾತಾಡುವ ಧೈರ್ಯವಿತ್ತು. ಏರಿಯ ಕೆಳಗಿನ ಯಾವುದೋ ಊರಲ್ಲಿ ಅಡಿಕೆ ಸುಲಿಯಲು ಹೋಗುವ ಹುಡುಗಿಗೆ ಏನಿದೆ? ಮದುವೆಯಾಗುತ್ತೇನೆಂದವನು ಫೋನು ಎತ್ತುತ್ತಿಲ್ಲ. ವಾಕರಿಕೆ ಬಂದರೆ ಬಚ್ಚಲಿಗೆ ಹೋಗಿ, ನೀರು ಸುರಿದು ಸದ್ದು ಮುಚ್ಚಬೇಕು. ಹುಣಸೆಕಾಯಿ ಬೇಕೆನಿಸಿದರೂ ಕೇಳುವಂತಿಲ್ಲ, ಕೇಳಿದರೆ ಗುಟ್ಟು ರಟ್ಟು. 20ರಿಂದ 24 ವಾರದ ಗರ್ಭಪಾತದ ಅವಕಾಶ ಅವಿವಾಹಿತೆಗೂ ಇದೆ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ಹೆರುವುದೋ ಬಿಡುವುದೋ ಅವಳ ನಿರ್ಧಾರ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬರು ಬೇಡವೇ? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ, ಒಳ್ಳೆಯದೇ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅಪ್ಪ ಅಣ್ಣಂದಿರ ಎದುರು, ಆ ಕರೆ ಮಾಡುವುದು ಹೇಗೆ?

ಇಂಥ ಹುಡುಗಿಯರಿಗೆ ಬೆಂಬಲ ಕೊಟ್ಟರೆ ದಾರಿ ತಪ್ಪುವವರು ಹೆಚ್ಚುತ್ತಾರೆ ಎನ್ನುವ ಹಿರಿಯರಿದ್ದಾರೆ. ಸ್ವಾಮಿ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯ ಆಸೆಗೆ ಯಾರೂ ಬಸುರಾಗುವುದಿಲ್ಲ.

ಬಸುರಿ ಬಾಣಂತಿಯರಿಗೆ ಕೊಡುವ ಮಾತೃವಂದನಾ ಯೋಜನೆಯ ಹಣಕ್ಕೆ ಗಂಡನ ಆಧಾರ್ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರವೇ ಹೇಳಿದೆ. ಕಾಗದ ಅಷ್ಟು ಮುಂದೆ ಬಂದಿದೆ. ನಾವು ಬರಬೇಕಾದದ್ದು ಅಂಗನವಾಡಿಯ ಅಂಗಳಕ್ಕೆ. ಅಲ್ಲಿ ಬಸುರಿಯರನ್ನು ಸಾಲಾಗಿ ಕೂರಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಸೀಮಂತ ಮಾಡುತ್ತಾರೆ; ನಮ್ಮ ಕಡೆಯ ಮಾತಲ್ಲಿ ಕುಬಸ. ಮುಂದಿನ ಸಲ ಆ ಸಾಲಿನಲ್ಲಿ ಅಡಿಕೆ ಸುಲಿಯುವ ಆ ಹುಡುಗಿಗೂ ಒಂದು ಕುರ್ಚಿ ಹಾಕಿ. ಆರತಿ ಎತ್ತಲು ಮುತ್ತೈದೆಯರು ಹಿಂದೆ ಸರಿದರೆ, ಕಾರ್ಯಕರ್ತೆಯೇ ತಟ್ಟೆ ಹಿಡಿಯಲಿ.