ತ್ಯಾಗಮಯಿ ಎಂಬ ಮಾಸ್ತಿಕಲ್ಲು

ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸೊಬ್ಬಳು ತೀರಿಕೊಂಡರೆ ಆಕೆಗೆ ಎರಡು ಸಂಸ್ಕಾರಗಳು ನಡೆಯುತ್ತವೆ. ಒಂದು ದೇಹಕ್ಕೆ, ಇನ್ನೊಂದು ಬದುಕಿಗೆ. ಈ ಎರಡನೆಯದನ್ನು ಮಕ್ಕಳು ಮೊಮ್ಮಕ್ಕಳು ಪುರೋಹಿತರ ನೆರವಿಲ್ಲದೆ ತಾವೇ ಕೈಯಾರೆ ಮುಗಿಸುತ್ತಾರೆ. ರಾಜಾಜಿನಗರ, ವಿಜಯನಗರಗಳ ಯಾವ ಅಡ್ಡರಸ್ತೆಯ ತಿರುವಿನಲ್ಲಿ ನಿಂತರೂ ಅದರ ಫಲಕವನ್ನು ಕಾಣಬಹುದು. ಮೇಲೆ ಭಾವಚಿತ್ರ, ಕೆಳಗೆ ‘ದಿವಂಗತ ಇಂಥವರ ಧರ್ಮಪತ್ನಿ’, ಅದರ ಕೆಳಗೆ ‘ತ್ಯಾಗಮಯಿ, ಕರುಣಾಮಯಿ, ವಾತ್ಸಲ್ಯಮಯಿ’. ಭಾವಚಿತ್ರವೊಂದನ್ನು ಬದಲಿಸಿದರೆ ಸಾಕು, ಅದೇ ಫಲಕ ಪಕ್ಕದ ಬೀದಿಯ ಅಜ್ಜಿಗೂ ಸಲ್ಲುತ್ತದೆ. ಎಲ್ಲರಿಗೂ ಸಲ್ಲುವ ಹೊಗಳಿಕೆಯಿಂದ ಯಾರನ್ನೂ ಹೊಗಳಿದಂತಾಗುವುದಿಲ್ಲ. ಮರೆವಿಗೇ ಹೂವಿನ ಹಾರ ಹಾಕಿ ನಾವು ಅದನ್ನು ನೆನಪೆಂದು ಕರೆಯುತ್ತಿದ್ದೇವೆ.

ಹೆಂಗಸನ್ನು ನೆನೆಯುವ ಬಗೆ ಕನ್ನಡ ನಾಡಿಗೆ ತಿಳಿಯದೆ ಇರಲಿಲ್ಲ. ಹನ್ನೊಂದನೆಯ ಶತಮಾನದ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1007ರ ಲಕ್ಕುಂಡಿಯ ಶಾಸನ ಅತ್ತಿಮಬ್ಬೆಯದು. ಆಕೆ ಕಟ್ಟಿಸಿದ ಬಸದಿ ಇಂದಿಗೂ ಅಲ್ಲಿ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು. ಆಕೆಯೂ ವಿಧವೆ, ಆಕೆಯೂ ತಾಯಿ. ‘ದಾನಚಿಂತಾಮಣಿ’ ಎಂಬ ಬಿರುದೂ ಉಂಟು. ಆದರೆ ಆ ಬಿರುದಿನ ಬೆನ್ನಿಗೆ ಲೆಕ್ಕವಿದೆ: ಏನು ಕೊಟ್ಟಳು, ಎಷ್ಟು ಕೊಟ್ಟಳು, ಎಲ್ಲಿ ಕೊಟ್ಟಳು. ಇನ್ನೊಂದು, ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನ. ಅರಸನ ಆಜ್ಞೆಯಿಂದ ಗಂಡ ಸತ್ತಾಗ, ಹೆತ್ತವರು ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕ ದೇಕಬ್ಬೆಯ ಕಥೆ ಅದು. ಕಾವ್ಯವಾಗಿ ಸೊಗಸಾದ ಶಾಸನ. ನಾನೂ ಅದನ್ನು ಪಾಠ ಹೇಳಿದ್ದೇನೆ. ಆದರೆ ಅದು ಹಾಡುವುದು ಆಕೆ ಸತ್ತ ಬಗೆಯನ್ನು. ಊರೂರಿನ ಮಾಸ್ತಿಕಲ್ಲುಗಳಿಗೆ ಆ ಕಾವ್ಯದ ಭಾಗ್ಯವೂ ಇಲ್ಲ. ಬಳೆ ತೊಟ್ಟ ಒಂದು ತೋಳು, ಅಷ್ಟೆ. ಎಷ್ಟೋ ಕಡೆ ಹೆಸರು ಕೂಡ ಇಲ್ಲ. ನಮ್ಮ ಫಲಕಗಳ ‘ತ್ಯಾಗಮಯಿ’ ಲಕ್ಕುಂಡಿಯ ವಂಶದವಳಲ್ಲ, ಈ ಒಂಟಿ ತೋಳಿನ ವಂಶದವಳು.

ಇದು ಉತ್ಪ್ರೇಕ್ಷೆ ಎನ್ನುವವರಿಗೆ ನನ್ನ ತರಗತಿಯ ಅನುಭವವನ್ನು ಹೇಳುತ್ತೇನೆ. ‘ನನ್ನ ಅಜ್ಜಿ’ ಎಂದು ಒಂದು ಪುಟ ಬರೆಯಿರೆಂದೆ. ಬಂದ ಹಾಳೆಗಳಲ್ಲೆಲ್ಲ ಒಬ್ಬಳೇ ಅಜ್ಜಿ: ಬೆಳಗಿನ ಜಾವ ಎದ್ದಳು, ರಂಗೋಲಿ ಇಟ್ಟಳು, ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಂಡಳು. ಅಜ್ಜಿಯ ಹೆಸರನ್ನೇ ಬರೆಯದವರು ಹಲವರು. ಹಾಳೆಗಳನ್ನು ಹಿಂದಿರುಗಿಸಿ ಮೂರು ಪ್ರಶ್ನೆ ಕೊಟ್ಟೆ: ಆಕೆ ಯಾವ ಕೆಲಸ ಬಲ್ಲವಳು? ಆಕೆಯ ಕೈಗೆ ಹಣ ಹೇಗೆ ಬಂತು, ಎಲ್ಲಿಗೆ ಹೋಯಿತು? ಯಾವುದಕ್ಕೆ ‘ಆಗದು’ ಎಂದಳು? ಹುಡುಗರು ಮನೆಯಲ್ಲಿ ಕೇಳಿಕೊಂಡು ಬಂದರು. ಕಾಮಾಕ್ಷಿಪಾಳ್ಯದ ಹುಡುಗಿಯೊಬ್ಬಳ ಅಜ್ಜಿ ವರ್ಷಾನುಗಟ್ಟಲೆ ನೆಲದ ಮೇಲೆ ಕುಳಿತು ಊದುಬತ್ತಿ ಹೊಸೆದವಳು. ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಆ ಕೂಲಿ ಚೀಟಿಗೆ, ಚೀಟಿಯ ಹಣ ನಿವೇಶನದ ಕಂತಿಗೆ. ಮನೆಯ ಪತ್ರ ಮಾತ್ರ ತಾತನ ಹೆಸರಿನಲ್ಲಿದೆ. ಕೆಂಗೇರಿಯ ಹುಡುಗನೊಬ್ಬನ ಅಜ್ಜಿ, ಓದುವ ಮಗಳನ್ನು ಶಾಲೆ ಬಿಡಿಸಿ ಮದುವೆ ಮಾಡಹೊರಟ ಗಂಡನ ಎದುರು ಮೂರು ದಿನ ಒಲೆ ಹಚ್ಚಲಿಲ್ಲ. ಆ ಮಗಳು ಮುಂದೆ ಉಪಾಧ್ಯಾಯಿನಿಯಾದಳು. ಮೊದಲ ಹಾಳೆಗಳಲ್ಲಿ ಈ ಅಜ್ಜಿಯರು ಎಲ್ಲಿ ಅಡಗಿದ್ದರು?

‘ಪ್ರೀತಿಯಿಂದ ಆಡಿದ ಮಾತಿಗೆ ಇಷ್ಟು ಕುಟುಕಬೇಕೆ?’ ಎಂದು ಕೇಳಬಹುದು. ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಈ ಮಾತಿನಿಂದ ಅನುಕೂಲ ಯಾರಿಗೆ ಎಂದು ವಿಚಾರಿಸಬೇಡವೆ? ‘ಬಳೆ ಅಡವಿಟ್ಟು ಮಗನ ಶುಲ್ಕ ಕಟ್ಟಿದಳು’ ಎಂದು ಬರೆದರೆ ಮಗನ ತಲೆಯ ಮೇಲೆ ಋಣ ಉಳಿಯುತ್ತದೆ. ‘ತ್ಯಾಗಮಯಿ’ ಎಂದು ಬರೆದರೆ ಋಣ ಅಲ್ಲಿಗೆ ತೀರಿತು. ತ್ಯಾಗ ಆಕೆಯ ಸ್ವಭಾವವಷ್ಟೆ! ಹರಿಯುವುದು ಹೊಳೆಯ ಸ್ವಭಾವ. ಹೊಳೆಗೆ ಯಾರಾದರೂ ಕೂಲಿ ಕೊಡುವುದುಂಟೆ? ಅಷ್ಟೇ ಅಲ್ಲ, ಆ ಫಲಕವನ್ನು ಓದುವ ಮೊಮ್ಮಗಳಿಗೆ ಅದು ಹೊಗಳಿಕೆಯಾಗಿ ಕೇಳಿಸುವುದಿಲ್ಲ, ಅಪ್ಪಣೆಯಾಗಿ ಕೇಳಿಸುತ್ತದೆ: ನೀನೂ ಹೀಗೆಯೇ ಇರತಕ್ಕದ್ದು.

‘ಬರೆದಿಡುವಂಥದು ನಮ್ಮಮ್ಮ ಏನು ಮಾಡಿದ್ದಾಳೆ?’ ಎನ್ನುವವರೂ ಇದ್ದಾರೆ. ಕಾವೇರಿಯ ನೀರು 1974ರಲ್ಲಿ ಬೆಂಗಳೂರಿಗೆ ಬಂದಿತೆಂಬುದು ಚರಿತ್ರೆ. ಅದು ತಮ್ಮ ಬೀದಿಯ ನಲ್ಲಿಗೆ ಯಾವಾಗ ಬಂತು, ಅದಕ್ಕೆ ಮುಂಚೆ ಎಷ್ಟು ಹೊತ್ತಿಗೆ ಎದ್ದು ಎಲ್ಲಿಂದ ಎಷ್ಟು ಕೊಡ ತರಬೇಕಾಗಿತ್ತು ಎಂಬುದು ಚರಿತ್ರೆಯಲ್ಲವೆ? ಅದನ್ನು ಹೇಳಬಲ್ಲವಳು ಕೊಡ ಹೊತ್ತವಳೇ. ಆಕೆ ಹೋದ ಮೇಲೆ ಯಾವ ಕಚೇರಿಯ ಕಡತದಲ್ಲೂ ಅದು ಸಿಗದು.

ನಮ್ಮ ಮಾಗಡಿ ರಸ್ತೆಗೆ ಹೆಸರು ಕೊಟ್ಟ ತಾಲ್ಲೂಕಿನಲ್ಲೇ ಹುಲಿಕಲ್ ಇದೆ. ಅಲ್ಲಿನ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. ಶಾಲೆ ಕಾಣದ, ಮಕ್ಕಳಿಲ್ಲದ, ಕೂಲಿ ಮಾಡಿ ಬದುಕಿದ ಹೆಂಗಸು. ಗಂಡ ಚಿಕ್ಕಯ್ಯನವರೊಡನೆ ಹುಲಿಕಲ್-ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಅದಕ್ಕಿಂತ ದೊಡ್ಡ ಗೌರವವನ್ನು ಜನ ಮೊದಲೇ ಕೊಟ್ಟಿದ್ದರು: ಆಕೆಯ ಹೆಸರಿನ ಹಿಂದೆ ಗಂಡನನ್ನಾಗಲಿ ತ್ಯಾಗವನ್ನಾಗಲಿ ಹಚ್ಚದೆ ‘ಸಾಲುಮರದ’ ಎಂದು ಕೆಲಸವನ್ನೇ ಹಚ್ಚಿದರು. ಮರಗಳು ರಸ್ತೆಯ ಮೇಲಿದ್ದುವು, ನಾಡು ಎಣಿಸಿತು. ಅಡಿಗೆಮನೆಯೊಳಗೆ ನೆಟ್ಟು ಬೆಳೆಸಿದ್ದನ್ನು ಎಣಿಸಬೇಕಾದವರು ಮನೆಯವರು. ಅವರಿಗೆ ಬಿಡುವಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಶ್ರದ್ಧಾಂಜಲಿಯ ಮೊದಲ ಸಾಲಿನಲ್ಲಿ ಆಕೆಯ ಸ್ವಂತ ಹೆಸರು ಇರಲಿ, ಹುಟ್ಟಿದ ಊರು ಇರಲಿ. ಮೂರು ‘ಮಯಿ’ಗಳ ಜಾಗದಲ್ಲಿ ಆಕೆ ಮಾಡಿದ ಮೂರು ಕೆಲಸಗಳಿರಲಿ, ಆಕೆಯ ಸಿಟ್ಟೂ ಇರಲಿ, ಹಟವೂ ಇರಲಿ. ಅವನ್ನು ತಿಳಿಯಬೇಕಾದರೆ ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲಿ ನೆಂಟರನ್ನು ವಿಚಾರಿಸಿ ಪ್ರಯೋಜನವಿಲ್ಲ. ಆಕೆ ಇನ್ನೂ ನಡುಮನೆಯಲ್ಲಿ ಕುಳಿತಿದ್ದಾಳೆ. ಹೋಗಿ ಕೇಳಿ.