ಹಂದರದ ಕೆಳಗೆ ಕೋವಿಗೇನು ಕೆಲಸ?

ಮದುವೆಗೆ ಬರುವವರು ಏನು ತರಬೇಕು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರದವರಾದರೆ ಮುಯ್ಯಿ, ಉಡುಗೊರೆ. ದೂರದವರಾದರೆ ನಾಲ್ಕು ಕಾಳು ಅಕ್ಷತೆ ಹಾಕಿ ಹರಸುವಷ್ಟು ಒಳ್ಳೆಯ ಮನಸ್ಸು. ಈಗ ಕೆಲವು ಗಣ್ಯರು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಬರುತ್ತಾರೆ. ಅದು ನಾಲ್ಕು ಜನರಿಗೆ ಕಾಣಲೆಂದೇ ಕೋಟಿನ ಗುಂಡಿ ಬಿಚ್ಚಿರುತ್ತಾರೆ. ಇನ್ನು ಕೆಲವರು ತಾವು ಕೈಮುಗಿಯುತ್ತ ಬರುತ್ತಾರೆ, ಕೋವಿ ಹಿಡಿದ ಇಬ್ಬರು ಅವರ ಬೆನ್ನಹಿಂದೆ ಬರುತ್ತಾರೆ. ನಾವು ಹೆಂಗಸರು ಸೆರಗು ಸರಿಮಾಡಿಕೊಂಡು, ಮಕ್ಕಳನ್ನು ಪಕ್ಕಕ್ಕೆಳೆದುಕೊಂಡು ದಾರಿ ಬಿಡುತ್ತೇವೆ.

ದಾರಿ ಬಿಡಬಾರದು ಎಂದು ಹೇಳುವುದಕ್ಕೇ ಈ ಬರಹ. ಕರ್ತವ್ಯದ ಮೇಲಿರುವ ಪೊಲೀಸರ ಮಾತು ಬೇರೆ. ಉಳಿದ ಯಾರೇ ಆಗಲಿ, ಜನ ಸೇರುವ ಜಾಗಕ್ಕೆ ಕೋವಿ ತರಕೂಡದು. ಲೈಸೆನ್ಸು ಇದೆಯೆಂದರೂ ತರಕೂಡದು, ದೊಡ್ಡವರಾದರೂ ತರಕೂಡದು, ನಿಮ್ಮ ರಕ್ಷಣೆಗೇ ಎಂದರೂ ತರಕೂಡದು.

ತೋಟದ ಕೋವಿಯ ಮೇಲೆ ನನಗೆ ಸಿಟ್ಟಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳು ನಾನು. ತೋಟಕ್ಕೆ ಮಂಗ, ಗದ್ದೆಗೆ ಹಂದಿ ನುಗ್ಗಿದರೆ ವರ್ಷದ ಕೂಳು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುವುದನ್ನು ಕಂಡಿದ್ದೇನೆ. ಅಂಥ ರೈತ ಕೂಡ ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ, ಮುಗಿಯುವ ತನಕ ಡಬ್ಬ ಬಡಿದು ಹಂದಿ ಓಡಿಸುತ್ತಾನೆ. ಕೆಲಸಕ್ಕೆ ಬೇಕಾದ ಕೋವಿ ಮನೆ, ತೋಟ, ಠಾಣೆ ಬಿಟ್ಟು ಆಚೆ ಹೋಗುವುದಿಲ್ಲ. ಬರೀ ದೌಲತ್ತಿನ ಪಿಸ್ತೂಲು ಮಾತ್ರ ಛತ್ರದಿಂದ ಛತ್ರಕ್ಕೆ ಊಟಕ್ಕೆ ಹೋಗುತ್ತದೆ! ಇದು ಯಾವ ನ್ಯಾಯ?

ಊಟದ ಮಾತು ಸುಮ್ಮನೆ ಆಡಿದ್ದಲ್ಲ. ಒಮ್ಮೆ ನಮ್ಮೂರಿನ ಛತ್ರವೊಂದರಲ್ಲಿ ಪಂಕ್ತಿಗೆ ಕುಳಿತ ಗಣ್ಯರೊಬ್ಬರು, ಹೊಟ್ಟೆಗೆ ಒತ್ತುತ್ತದೆಂದು ಪಿಸ್ತೂಲನ್ನು ತೆಗೆದು ಬಾಳೆಲೆಯ ಪಕ್ಕ ನೀರಿನ ಲೋಟದ ಹತ್ತಿರ ಇಟ್ಟರು. ಎದುರು ಸಾಲಿನಲ್ಲಿ ನನ್ನ ಶಾಲೆಯ ಮಕ್ಕಳು. "ಅದನ್ನು ಕಾರಿನಲ್ಲಿಟ್ಟು ಬನ್ನಿ ಸಾರ್, ಮಕ್ಕಳಿದ್ದಾರೆ" ಎಂದೆ. "ಲಾಕ್ ಆಗಿದೆ ಮೇಡಂ, ಹೆದರಬೇಡಿ" ಎಂದು ನಕ್ಕರು. ಅಷ್ಟರಲ್ಲಿ ಹುಡುಗಿಯ ಸೋದರಮಾವ ಓಡಿಬಂದು, "ಟೀಚರೇ, ನೀವು ಸುಮ್ಮನಿರಿ, ಅವರು ಬಂದದ್ದೇ ನಮ್ಮ ಪುಣ್ಯ" ಎಂದು ನನ್ನನ್ನೇ ಆಚೆಗೆ ಕರೆದುಕೊಂಡು ಹೋದರು. ಬಡಿಸುವ ಹುಡುಗ ಪಿಸ್ತೂಲಿನ ಮೇಲೆ ತುಪ್ಪ ಚೆಲ್ಲದಂತೆ ಹುಷಾರಾಗಿ ಬಗ್ಗಿ ಬಡಿಸಿದ. ಆ ದಿನ ಯಾರಿಗೂ ಏನೂ ಆಗಲಿಲ್ಲ ನಿಜ. ಆದರೆ ಅಲ್ಲಿದ್ದ ಮಕ್ಕಳು ಒಂದು ಪಾಠ ಕಲಿತವು: ತಪ್ಪು ಪಿಸ್ತೂಲು ಇಟ್ಟವರದಲ್ಲ, ಬೇಡವೆಂದ ಟೀಚರದು.

ಏನಾದರೂ ಆದರೆ ಹೇಗಿರುತ್ತದೆ ಎಂಬುದನ್ನು ಉತ್ತರದ ಮದುವೆ ಮನೆಗಳು ತೋರಿಸಿಕೊಟ್ಟಿವೆ. 2016ರ ನವೆಂಬರಿನಲ್ಲಿ ಹರಿಯಾಣದ ಕರ್ನಾಲಿನ ಮದುವೆಯೊಂದರಲ್ಲಿ ಸಂಭ್ರಮಕ್ಕೆಂದು ಹಾರಿಸಿದ ಗುಂಡು ವರನ ಅತ್ತೆಯನ್ನೇ ಬಲಿ ತೆಗೆದುಕೊಂಡಿತು. ಮುಂದಿನ ತಿಂಗಳೇ ಪಂಜಾಬಿನ ಬಠಿಂಡಾ ಜಿಲ್ಲೆಯಲ್ಲಿ, ಹೊಟ್ಟೆಪಾಡಿಗಾಗಿ ಮದುವೆಯ ವೇದಿಕೆಯ ಮೇಲೆ ಕುಣಿಯುತ್ತಿದ್ದ 25 ವರ್ಷದ ಹೆಣ್ಣುಮಗಳು ಗುಂಡು ತಗಲಿ ಅಲ್ಲೇ ಬಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೇ? ಎರಡು ಕಡೆಯೂ ಸತ್ತವರು ಹೆಂಗಸರು ಎಂಬುದನ್ನು ಗಮನಿಸಿ. "ಅದೆಲ್ಲ ಉತ್ತರದವರ ಹುಚ್ಚು" ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ವಿಜಯಪುರದ ಕಡೆ ಭೀಮಾ ತೀರದ ಕಂಟ್ರಿ ಪಿಸ್ತೂಲಿನ ಸುದ್ದಿ ಕೇಳದ ಕನ್ನಡಿಗರಿಲ್ಲ. ಅದರ ಮೇಲೆ ಸಿನಿಮಾ ಮಾಡಿ, ಶಿಳ್ಳೆ ಹಾಕಿ ನೋಡಿದವರೂ ನಮ್ಮವರೇ.

"ಲೈಸೆನ್ಸು ತೆಗೆದುಕೊಂಡು ಇಟ್ಟುಕೊಂಡಿದ್ದೇನೆ, ಅದು ನನ್ನ ಹಕ್ಕು" ಎಂದು ಎದೆಯುಬ್ಬಿಸಿ ಹೇಳುವವರಿದ್ದಾರೆ. ಪೌರನೀತಿ ಪಾಠ ಮಾಡಿ ಕೂದಲು ನರೆತವಳು ನಾನು, ಅವರಿಗೂ ಒಂದು ಪಾಠ ಹೇಳಬೇಕು. ನಮ್ಮ ಸಂವಿಧಾನದ 19ನೆಯ ವಿಧಿ ನಮಗೆಲ್ಲ ಸಭೆ ಸೇರುವ ಹಕ್ಕು ಕೊಟ್ಟಿದೆ. ಹೇಗೆ? ಶಾಂತಿಯಿಂದ, ಮತ್ತು ಆಯುಧಗಳಿಲ್ಲದೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಆಯುಧ ಇಟ್ಟುಕೊಳ್ಳುವುದೂ ಮೂಲಭೂತ ಹಕ್ಕಾಗಲಿ ಎಂದು ತಿದ್ದುಪಡಿ ಮಂಡಿಸಿದ್ದರು. ಬ್ರಿಟಿಷರು 1878ರ ಕಾಯ್ದೆಯಿಂದ ನಮ್ಮ ಜನರ ಕೈ ಕಟ್ಟಿಹಾಕಿದ ನೋವು ಆ ತಲೆಮಾರಿಗಿತ್ತು. ಆದರೂ ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹಾಗಾಗಿ ಜನರ ನಡುವೆ ನಿರ್ಭಯವಾಗಿ ಕುಳಿತುಕೊಳ್ಳುವುದು ನನ್ನ ಹಕ್ಕು. ಕೋವಿ ಇಟ್ಟುಕೊಳ್ಳುವುದು ಅವರ ಹಕ್ಕಲ್ಲ, ಸರಕಾರ ಕೊಟ್ಟ ಅನುಮತಿ, ಬೇಕೆಂದಾಗ ಹಿಂದೆ ಪಡೆಯಬಹುದಾದ ಅನುಮತಿ. ಹಕ್ಕು ಇರುವವಳು ಅನುಮತಿ ಇರುವವನಿಗೆ ದಾರಿ ಬಿಡಬೇಕೇ?

ಕಾನೂನು ಇಲ್ಲವೆಂದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಸಾರ್ವಜನಿಕ ಸ್ಥಳದಲ್ಲಿ ಕೋವಿ ಝಳಪಿಸುವುದನ್ನೂ ಹಾರಿಸುವುದನ್ನೂ 2016ರ ನಿಯಮಗಳು ನಿಷೇಧಿಸಿವೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಸಭೆ, ದೇವಸ್ಥಾನಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಗೊತ್ತುಮಾಡಿತು. ಆದರೆ ದೂರು ಕೊಡುವವರು ಯಾರು? ಹೆಣ್ಣು ಕೊಟ್ಟವರಿಗೆ ಬೀಗರ ಭಯ, ಛತ್ರದವರಿಗೆ ವ್ಯಾಪಾರದ ಭಯ, ನೆಂಟರಿಗೆ ನಿಷ್ಠುರದ ಭಯ. ಕಾನೂನು ಪುಸ್ತಕದಲ್ಲಿ ತಣ್ಣಗೆ ಮಲಗಿರುತ್ತದೆ.

"ಲೈಸೆನ್ಸು ಇರುವವರು ಮರ್ಯಾದಸ್ಥರು, ಕಳ್ಳ ಪಿಸ್ತೂಲಿನವರನ್ನು ಹಿಡಿಯಿರಿ" ಎನ್ನುವ ವಾದವೂ ಇದೆ. ಕಳ್ಳ ಪಿಸ್ತೂಲನ್ನು ಹಿಡಿಯಲೇಬೇಕು, ಬೇಡವೆಂದವರಾರು? ಆದರೆ 1999ರ ಏಪ್ರಿಲ್ ಕೊನೆಯಲ್ಲಿ ದೆಹಲಿಯ ಸಂತೋಷಕೂಟವೊಂದರಲ್ಲಿ ಜೆಸ್ಸಿಕಾ ಲಾಲ್ ಎಂಬ ಯುವತಿ, ಹೊತ್ತು ಮೀರಿದೆ, ಇನ್ನು ಮದ್ಯ ಕೊಡಲಾಗದು ಎಂದಳು. ಅಷ್ಟಕ್ಕೇ ಅವಳ ತಲೆಗೆ ಗುಂಡು ಹೊಡೆದ ಮನು ಶರ್ಮ ರಾಜಕಾರಣಿಯ ಮಗ, ಅವನ ಪಿಸ್ತೂಲಿಗೆ ಲೈಸೆನ್ಸು ಇತ್ತು. ಕೂಟದಲ್ಲಿ ಅಷ್ಟು ಜನರಿದ್ದರೂ ಸಾಕ್ಷಿಗಳು ತಿರುಗಿಬಿದ್ದು, 2006ರ ಫೆಬ್ರವರಿಯಲ್ಲಿ ಅವನು ಬಿಡುಗಡೆಯಾದ. ಊರಿಗೆ ಊರೇ ಛೀ ಎಂದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. 2010ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹೆಣ್ಣೊಬ್ಬಳು "ಇಲ್ಲ" ಎಂದಾಗ ಕೇಳಿ ಅಭ್ಯಾಸವಿಲ್ಲದ ಕೈಗೆ ಲೈಸೆನ್ಸು ಮರ್ಯಾದೆ ಕಲಿಸುತ್ತದೆಯೇ?

ಹಾಗಾದರೆ ಹೆಂಗಸರೇ ಪಿಸ್ತೂಲು ಹಿಡಿಯಲಿ ಎನ್ನುವವರೂ ಹುಟ್ಟಿಕೊಂಡಿದ್ದಾರೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯದ ನೋವು ಆರುವ ಮೊದಲೇ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೆಂಗಸರಿಗಾಗಿಯೇ "ನಿರ್ಭೀಕ್" ಎಂಬ ರಿವಾಲ್ವರು ಮಾಡಿ ಮಾರಾಟಕ್ಕಿಟ್ಟಿತು. ತೂಕ ಅರ್ಧ ಕಿಲೋ, ಬೆಲೆ 1 ಲಕ್ಷ 22 ಸಾವಿರ ರೂಪಾಯಿ ಆಸುಪಾಸು. ರಾತ್ರಿ ಪಾಳಿ ಮುಗಿಸಿ ಬರುವ ಗಾರ್ಮೆಂಟ್ ಹುಡುಗಿ ಇದನ್ನು ಕೊಳ್ಳಬೇಕೇ? ಬೀದಿಗೆ ದೀಪ ಹಾಕಿಸಿ, ಬಸ್ಸು ಬಿಡಿಸಿ, ದೂರು ತಂದವಳನ್ನು ಠಾಣೆಯಲ್ಲಿ ಕೂರಿಸಿ ಮಾತಾಡಿಸಿ ಎಂದು ನಾವು ಕೇಳಿದರೆ, ಸರಕಾರ ಕೈಗೊಂದು ರಿವಾಲ್ವರು ಕೊಟ್ಟು "ಇನ್ನು ನಿನ್ನ ರಕ್ಷಣೆ ನಿನ್ನದೇ" ಎಂದಂತಾಯಿತು. ಅದೂ ಅಲ್ಲದೆ, ಅತ್ಯಾಚಾರದ 100 ಪ್ರಕರಣಗಳಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಗಳು ವರ್ಷವರ್ಷವೂ ಹೇಳುತ್ತಿವೆ. ನೆಂಟ, ನೆರೆಯವ, ಪರಿಚಿತ ಎಂದು ಒಳಗೆ ಕರೆದು ಕಾಫಿ ಕೊಟ್ಟವನ ಎದುರು ಪಿಸ್ತೂಲು ಯಾವ ಕೆಲಸಕ್ಕೆ ಬರುತ್ತದೆ? ಮನೆಯ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೆಂಡತಿಯ ಹೆಸರಿನಲ್ಲಿ ಬಂದ ಕೋವಿ ಗಂಡನ ಕೋಪದ ಕೈಗೂ ಸಿಗುತ್ತದೆ.

ಕೊಡಗಿನ ಅಕ್ಕಂದಿರು ಮುನಿಯಬಾರದು, ಅವರ ಮಾತನ್ನೂ ಆಡಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು, ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟು ತಳ್ಳಿಹಾಕಿತು. ಅಲ್ಲಿ ಕೋವಿ ಮನೆತನದ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುತ್ತಾರೆ. ಸಂಪ್ರದಾಯದ ಕಟ್ಟುಪಾಡಿನಲ್ಲಿರುವ ಆ ಕೋವಿಯನ್ನು ತೋರಿಸಿ ನಮ್ಮೂರಿನ ಗಣ್ಯರು ತಮ್ಮ ಪಿಸ್ತೂಲಿಗೆ ಗೌರವ ಗಿಟ್ಟಿಸಬಾರದು. ಆದರೆ ಅಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬುದು ಹಳೆಯ ಪದ್ಧತಿ. ಹೆಣ್ಣು ಹುಟ್ಟಿದ ಸುದ್ದಿಗೆ ಕೋವಿ ಯಾಕೆ ಸುಮ್ಮನಿತ್ತು? ಕೋವಿ ಯಾರ ಪರವಾಗಿ ಮಾತಾಡುತ್ತದೆ ಎಂಬುದು ಅಷ್ಟರಲ್ಲೇ ತಿಳಿಯುವುದಿಲ್ಲವೇ?

ಮಗ ಸೊಸೆ ಅಮೆರಿಕದಲ್ಲಿರುವ ತಾಯಂದಿರು ನಮ್ಮ ಬೀದಿ ಬೀದಿಯಲ್ಲೂ ಇದ್ದಾರೆ. ಅಲ್ಲಿ ಕೋವಿ ಹಿಡಿಯುವುದು ಸಂವಿಧಾನವೇ ಕೊಟ್ಟ ಹಕ್ಕು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಇನ್ನೂ ತಿಂಗಳಾಗಿರಲಿಲ್ಲ, ಜೂನ್ 23ರಂದು ಅಲ್ಲಿಯ ಸುಪ್ರೀಂ ಕೋರ್ಟು, ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಹಕ್ಕೆಂದು ಹೇಳಿ ನ್ಯೂಯಾರ್ಕಿನ ಕಟ್ಟುನಿಟ್ಟಿನ ಕಾನೂನನ್ನು ರದ್ದುಮಾಡಿತು. ಅಲ್ಲಿಯ ಪುಟ್ಟ ಮಕ್ಕಳಿಗೆ, ಕೋವಿ ಹಿಡಿದವನು ಶಾಲೆಗೆ ನುಗ್ಗಿದರೆ ಎಲ್ಲಿ ಅಡಗಬೇಕೆಂಬ ಅಭ್ಯಾಸ ಮಾಡಿಸುತ್ತಾರೆ. ನಾನು ಮೂವತ್ತು ವರ್ಷ ಮಕ್ಕಳನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿದ್ದೇನೆ. ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಕೂರಿ ಎಂದು ಕಲಿಸುವ ಕಾಲ ನಮ್ಮ ಶಾಲೆಗಳಿಗೆ ಬಾರದಿರಲಿ. ಅದು ಬಾರದಂತೆ ತಡೆಯುವುದು ಛತ್ರದಲ್ಲಿ, ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಈಗಲೇ ಶುರುವಾಗಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಛತ್ರದ ಗೋಡೆಯ ಮೇಲೆ "ಮದ್ಯಪಾನ ನಿಷೇಧಿಸಿದೆ" ಎಂದು ಬರೆಸುತ್ತಾರಲ್ಲ, ಅದರ ಕೆಳಗೆ "ಆಯುಧ ತರಬಾರದು" ಎಂದು ಇನ್ನೊಂದು ಸಾಲು ಬರೆಸಿ ಎಂದು ಮುಂಗಡ ಕೊಡುವಾಗಲೇ ಕೇಳೋಣ. ಮಹಿಳಾ ಮಂಡಳದವರು ಹತ್ತು ಜನ ಸಹಿ ಮಾಡಿ ಠಾಣೆಗೆ ಒಂದು ಮನವಿ ಕೊಡಲಿ. ಒಬ್ಬಳು ಹೋದರೆ ಗಯ್ಯಾಳಿ ಎನ್ನುತ್ತಾರೆ, ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಗುಂಡು ಹಾರಿಸುವ ಹುಮ್ಮಸ್ಸು ಕಂಡರೆ 112ಕ್ಕೆ ಫೋನು ಮಾಡೋಣ. "ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ" ಎಂದು ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಲು ನಾಚದ ನಾವು, "ದಯವಿಟ್ಟು ಕೋವಿ ತರಬೇಡಿ" ಎಂದು ಹಾಕಿಸಲು ಯಾಕೆ ನಾಚಬೇಕು? ಬೀಗರು ಮುನಿದುಕೊಂಡರೆ ಮುನಿಯಲಿ; ಮುನಿಸಿಗೆ ಮದ್ದಿದೆ, ಗುಂಡು ಹೊಕ್ಕ ಎದೆಗೆ ಮದ್ದಿಲ್ಲ. ಮದುವೆ ನಮ್ಮ ಮನೆಯದು, ಕುಂಕುಮವಿಟ್ಟು ಕರೆಯುವವರು ನಾವು. ಹೇಗೆ ಬರಬೇಕೆಂದು ಹೇಳುವವರೂ ನಾವೇ ಆಗೋಣ.