ಜೀಪಿನ ದಾರಿಯೂ ಹುಲ್ಲಿನ ಬೆಟ್ಟವೂ

ನಮ್ಮ ಮಲೆನಾಡಿಗೆ ಜೀಪು ಹೊಸದಲ್ಲ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಗಾಡಿಯನ್ನು ಮಹೀಂದ್ರ ಸಂಸ್ಥೆಯವರು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಒದಗುವುದರಿಂದ ಬಸ್ಸು ಹೋಗಲಾರದ ಕಡೆಗೂ ಅದು ಹೋಗಬಲ್ಲದು. ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿಮೂಟೆ, ಗೊಬ್ಬರ, ಆಳುಗಳು, ಮಳೆಗಾಲದಲ್ಲಿ ರೋಗಿಗಳು, ಎಲ್ಲವನ್ನೂ ಎಲ್ಲರನ್ನೂ ಅದು ಹೊತ್ತಿದೆ. ಕೆಸರಿನಲ್ಲಿ ಜೀಪು ನಡೆಸುವುದೂ ಒಂದು ವಿದ್ಯೆಯೆಂದರೆ ಅತಿಶಯೋಕ್ತಿಯಲ್ಲ.

ಈಗ ಆ ವಿದ್ಯೆ ವಿನೋದವಾಗಿದೆ. ಆಫ್‌ರೋಡ್ ಎಂಬ ಹೆಸರಿನಲ್ಲಿ, ದಾರಿಯೇ ಇಲ್ಲದ ಗುಡ್ಡದ ಮೇಲೆ ಗಾಡಿ ಹತ್ತಿಸುವುದನ್ನು ಸಾಹಸವೆಂದು ಭಾವಿಸುವವರು ಹೆಚ್ಚುತ್ತಿದ್ದಾರೆ. ವಿನೋದವೇ ಬೇಡವೆನ್ನುವಷ್ಟು ಅರಸಿಕ ನಾನಲ್ಲ. ಆದರೆ ನೆಲದ ಗುಣವನ್ನು ವಿಚಾರಿಸದ ಸಾಹಸ ಎಂಥದು?

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ 1940ರ ದಶಕದ ಸೈನಿಕ ತರಬೇತಿಯ ಟ್ಯಾಂಕುಗಳ ಗುರುತು ಎಷ್ಟೋ ದಶಕಗಳ ಮೇಲೂ ಅಳಿಯಲಿಲ್ಲ. ಮಳೆಯಿಲ್ಲದ ನೆಲದಲ್ಲಿ ಗುರುತು ಹಾಗೆಯೇ ಉಳಿಯುತ್ತದೆ. ನಮ್ಮ ಮಳೆಯ ನೆಲದಲ್ಲಿ ಅದು ಕೊರಕಲಾಗಿ ಬೆಳೆಯುತ್ತದೆ. ಚಕ್ರದ ಭಾರಕ್ಕೆ ಹುಲ್ಲು ಸತ್ತು ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ. ಆ ಗಾಲಿಜಾಡನ್ನೇ ಹಿಡಿದು ಹರಿದು ಮಣ್ಣನ್ನು ಕೊಚ್ಚುತ್ತದೆ. ಮುಂದಿನ ಗಾಡಿ ಕೊರಕಲನ್ನು ತಪ್ಪಿಸಲು ಪಕ್ಕದ ಹುಲ್ಲಿಗೆ ಇಳಿಯುತ್ತದೆ. ಹೀಗೆ ಒಂದು ಜಾಡು ನಾಲ್ಕಾಗುತ್ತದೆ.

ಇದು ಬರಿಯ ಹುಲ್ಲಿನ ಪ್ರಶ್ನೆಯಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ಬೆಟ್ಟದ ಹುಲ್ಲೂ ಕಣಿವೆಯ ಶೋಲಾ ಕಾಡೂ ಮಳೆನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುವುದರಿಂದಲೇ ನಮ್ಮ ಹಳ್ಳಗಳು ಬೇಸಗೆಯಲ್ಲೂ ಜೀವ ಹಿಡಿದಿರುತ್ತವೆ. ಮೇಲೆ ಸವೆದ ಮಣ್ಣು ಕೆಳಗಿನ ಗದ್ದೆಯನ್ನೂ ಕೆರೆಯನ್ನೂ ಸೇರುತ್ತದೆ.

ಜೀಪಿನ ಬಾಡಿಗೆಯಿಂದಲೇ ಒಲೆ ಹೊತ್ತಿಸುವ ಮನೆಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ಅಂಥ ಮನೆಗಳಿಂದ ನಮ್ಮ ಕಾಲೇಜಿಗೆ ಬರುವವರೂ ಇದ್ದಾರು. ಅವರ ಅನ್ನವನ್ನು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಹಳೆಯ ತೋಟದ ರಸ್ತೆಗಳಲ್ಲಿ, ಒಡೆಯರ ಒಪ್ಪಿಗೆ ಪಡೆದು, ಜೀಪು ಧಾರಾಳವಾಗಿ ಓಡಲಿ. ತಿರುವು, ಕಲ್ಲು, ಏರು ಅಲ್ಲಿಯೂ ಬೇಕಾದಷ್ಟಿವೆ. ಹುಲ್ಲಿನ ಮೇಲೆ ಮಾತ್ರ ಚಕ್ರ ಇಳಿಯಬಾರದು. ಜೋರು ಮಳೆಯ ತಿಂಗಳುಗಳಲ್ಲಿ ವಿನೋದದ ಓಡಾಟ ನಿಲ್ಲಬೇಕು. ಬೆಟ್ಟ ಕೆಟ್ಟರೆ ನೋಡಲು ಬರುವವರಾರು? ಬಾಡಿಗೆ ಕೊಡುವವರಾರು?

ಮಿತ್ರರೆ, ರಜೆಯಲ್ಲಿ ಪೇಟೆಯ ನೆಂಟರನ್ನೂ ಗೆಳೆಯರನ್ನೂ ಬೆಟ್ಟಕ್ಕೆ ಕರೆದೊಯ್ಯುವವರು ನಾವೇ. ಜಾಡು ಮುಗಿದಲ್ಲಿ ಜೀಪು ನಿಲ್ಲಿಸಿ, "ಇಲ್ಲಿಂದ ಮೇಲೆ ನಡೆದೇ ಹೋಗೋಣ" ಎಂದು ಅವರಿಗೆ ಹೇಳುವ ಧೈರ್ಯ ನಮಗಿರಬೇಕು.